ಮೂರು ತಿಂಗಳಿಗೊಮ್ಮೆ ಕ್ಲಚ್ ಪ್ಲೇಟ್ ಹೋಗುತ್ತಿದೆ. ಬೈಕ್ ಕಲಿಸುವವರು ಯಾರಾದರೂ ಇದ್ದೀರಾ?

ಗೇರ್ ಅಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಹೆಣ್ಣುಮಕ್ಕಳಿಗೆ ಗಾಡಿ ಕಲಿಸುವ ಚಿಕ್ಕ ಶಾಲೆ ನಡೆಸುತ್ತಿದ್ದೇನೆ. ಆರು ವರ್ಷ ಆಯಿತು. ಮೊದಲು ಎರಡು ಸ್ಕೂಟಿ ಮಾತ್ರ ಇತ್ತು. ಈಗ ಗೇರ್ ಗಾಡಿ ಕಲಿಸಿ ಅಂತ ಕೇಳುವವರು ಜಾಸ್ತಿ. ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಹಳ್ಳಿ ಶಾಲೆಗೆ ಹೋಗುವ ಟೀಚರ್‌ಗಳು. ಮನೆಯಲ್ಲಿ ಗಂಡನದೋ ಅಪ್ಪನದೋ ಬೈಕ್ ಸುಮ್ನೆ ನಿಂತಿರುತ್ತದೆ. ಇನ್ನೊಂದು ಹೊಸ ಗಾಡಿ ತಗೊಳ್ಳಲು ದುಡ್ಡಿರುವುದಿಲ್ಲ. ಇರುವುದನ್ನೇ ಓಡಿಸಲು ಕಲಿಯೋಣ ಅಂತ ಬರುತ್ತಾರೆ.

ಅದಕ್ಕೇ ಎರಡು ಹಳೇ ಸ್ಪ್ಲೆಂಡರ್ ತಗೊಂಡೆ. 14 ತಿಂಗಳಾಯಿತು. ಒಂದರಲ್ಲಿ ಕ್ಲಚ್ ಪ್ಲೇಟ್ ನಾಲ್ಕು ಸಲ ಹಾಕಿಸಿದ್ದೇನೆ, ಇನ್ನೊಂದರಲ್ಲಿ ಎರಡು ಸಲ. ತಿಂಗಳಿಗೊಂದು ಕ್ಲಚ್ ವೈರ್ ಕಟ್ ಆಗುತ್ತದೆ. ಲಿವರ್ ಮುರಿದದ್ದಕ್ಕೆ ಲೆಕ್ಕವೇ ಇಲ್ಲ. 15 ದಿನದ ಕ್ಲಾಸಿಗೆ 3,500 ರೂಪಾಯಿ ತಗೊಳ್ಳುತ್ತೇನೆ. ಪ್ಲೇಟು, ಆಯಿಲ್, ಕೂಲಿ ಸೇರಿ ಒಂದು ಸಲಕ್ಕೆ 1,400 ಹೋಗುತ್ತಿದೆ. ಫೀಸು ಜಾಸ್ತಿ ಮಾಡಿದರೆ ಯಾರಿಗೋಸ್ಕರ ಶುರು ಮಾಡಿದೆನೋ ಅವರೇ ಬರುವುದಿಲ್ಲ.

ಮೆಕ್ಯಾನಿಕ್ ಕೇಳಿದರೆ "ಕಲಿಯೋರ ಗಾಡಿ ಅಂದ್ಮೇಲೆ ಹಂಗೇ ಮೇಡಂ" ಅನ್ನುತ್ತಾರೆ. ನಿಜವಾಗಿಯೂ ಹಂಗೇನಾ?

ಎರಡು ಚಕ್ರ, ಬೆಂಗಳೂರು

ಗೇರ್ ಗಾಡಿ ಕೈಬಿಡಿ. ಸ್ಕೂಟಿ ಮಾತ್ರ ಕಲಿಸಿ. ಈಗ ಯಾರಿಗೆ ಬೇಕು ಗೇರು?

ಗೇರ್ ಅಕ್ಕ, ದಾವಣಗೆರೆ

ಬೇಕು ಅಂತಲೇ ಬರುತ್ತಾರೆ ಸರ್, ಕಾರಣವನ್ನೂ ಮೇಲೆ ಬರೆದಿದ್ದೇನೆ. ಇನ್ನೊಂದು ವಿಷಯ. ಗೇರ್ ಇಲ್ಲದ ಗಾಡಿಗೆ ಲೈಸೆನ್ಸ್ ಮಾಡಿಸಿದರೆ ಅದನ್ನು ಮಾತ್ರ ಓಡಿಸಬಹುದು. ಗೇರ್ ಗಾಡಿಯದ್ದು ಮಾಡಿಸಿದರೆ ಎರಡೂ ಆಯಿತು. ನಾಳೆ ತುರ್ತಿನಲ್ಲಿ ಗಂಡನ ಬೈಕ್ ತೆಗೆಯಬೇಕಾದರೆ?

ಗ್ಯಾರೇಜ್ 27, ಹಾಸನ

27 ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ ಮೇಡಂ. ಕಲಿಯೋರ ಗಾಡಿಯಲ್ಲಿ ಪ್ಲೇಟ್ ಬೇಗ ಸವೆಯುವುದು ಹೌದು. ಆದರೆ ಮೂರು ತಿಂಗಳು ಅನ್ನೋದು ಸರಿಯಿಲ್ಲ. ಎಲ್ಲೋ ತಪ್ಪಾಗುತ್ತಿದೆ. ಮೂರು ಪ್ರಶ್ನೆ.

ಕ್ಲಚ್ ಲಿವರ್ ತುದಿಯಲ್ಲಿ ಆಟ ಎಷ್ಟಿದೆ? ಕೈಗೆ ಭಾರ ಸಿಗುವ ಮೊದಲು ಲಿವರ್ ತುದಿ ಸುಮಾರು 10ರಿಂದ 15 ಮಿ.ಮೀ. ಸಡಿಲವಾಗಿ ಬರಬೇಕು.

ಯಾವ ಆಯಿಲ್ ಹಾಕಿಸುತ್ತೀರಿ? ಎಷ್ಟಕ್ಕೊಂದು ಸಲ?

ಮೊದಲ ದಿನ ಗಾಡಿ ಎಬ್ಬಿಸುವುದನ್ನು ಹೇಗೆ ಹೇಳಿಕೊಡುತ್ತೀರಿ? ಆಕ್ಸಿಲೇಟರ್ ಕೊಟ್ಟು ಕ್ಲಚ್ ಬಿಡಿ ಅಂತಲೋ, ಆಕ್ಸಿಲೇಟರ್ ಮುಟ್ಟದೆ ಬಿಡಿ ಅಂತಲೋ?

ಮೂರಕ್ಕೂ ಉತ್ತರ ಕೊಡಿ, ಆಮೇಲೆ ಹೇಳುತ್ತೇನೆ.

ಕರಾವಳಿ ಸವಾರ, ಉಡುಪಿ

ಆಯಿಲ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಾನು ಕಾರಿಗೆ ಹಾಕಿ ಉಳಿದ ಆಯಿಲನ್ನೇ ಬೈಕಿಗೆ ಹಾಕುತ್ತೇನೆ. ಏನೂ ಆಗಿಲ್ಲ.

ಗ್ಯಾರೇಜ್ 27, ಹಾಸನ

ದಯವಿಟ್ಟು ಹಾಗೆ ಮಾಡಬೇಡಿ. ಯಾರೂ ಮಾಡಬೇಡಿ.

ಕಾರಿನ ಕ್ಲಚ್ ಒಣಗಿರುವ ಜಾಗದಲ್ಲಿರುತ್ತದೆ, ಅದಕ್ಕೆ ಇಂಜಿನ್ ಆಯಿಲ್ ತಾಗುವುದಿಲ್ಲ. ನಮ್ಮ ಬೈಕುಗಳ ಕ್ಲಚ್ ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲುಗಳಲ್ಲಿ ಮೈಲೇಜಿಗೆ ಅಂತ ಜಾರಿಕೆ ಹೆಚ್ಚಿಸುವ ವಸ್ತು ಸೇರಿಸಿರುತ್ತಾರೆ. ಅದು ಬೈಕಿನ ಪ್ಲೇಟುಗಳ ಮಧ್ಯೆ ಹೋದರೆ ಪ್ಲೇಟ್ ಒಂದಕ್ಕೊಂದು ಹಿಡಿಯುವುದಿಲ್ಲ. ಡಬ್ಬಿಯ ಹಿಂದೆ ಜಾಸೊ ಎಂಎ ಅಂತ ಇದೆಯಾ ನೋಡಿ. ಅದು ಬೈಕ್ ಕ್ಲಚ್ಚಿಗೆ ಆಗುವ ಆಯಿಲ್. ಎಂಬಿ ಅಂತ ಇದ್ದರೆ ಅದು ಗೇರ್ ಇಲ್ಲದ ಸ್ಕೂಟರುಗಳಿಗೆ.

ಕರಾವಳಿ ಸವಾರ, ಉಡುಪಿ

ಓ, ಇದು ಗೊತ್ತಿರಲಿಲ್ಲ. ಮೊನ್ನೆಯಿಂದ ಏರು ರಸ್ತೆಯಲ್ಲಿ ಇಂಜಿನ್ ಸದ್ದು ಜೋರಾಗುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಇದೇ ಇರಬೇಕು ಅಲ್ವಾ? ನಾಳೆಯೇ ಬದಲಾಯಿಸುತ್ತೇನೆ.

ಎಜ್ಡಿ ಮೈಸೂರು

ಕ್ಲಚ್ ಅಂದ ಕೂಡಲೇ ನೆನಪಾಯಿತು. ನಾನು ಕಲಿತದ್ದು ಅಪ್ಪನ ಎಜ್ಡಿಯಲ್ಲಿ. 1961ರಿಂದ 1996ರವರೆಗೆ ನಡೆದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದ ಗಾಡಿ. ಕಿಕ್ಕರೂ ಗೇರೂ ಒಂದೇ ಲಿವರ್. ಸ್ಟಾರ್ಟ್ ಆದಮೇಲೆ ಅದನ್ನೇ ಮುಂದಕ್ಕೆ ಮಲಗಿಸಿ ಗೇರ್ ಹಾಕಬೇಕು. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತಿತ್ತು, ಕೈಯಲ್ಲಿ ಹಿಡಿಯದಿದ್ದರೂ ನಡೆಯುತ್ತಿತ್ತು. ಅಂಥ ಗಾಡಿಯಲ್ಲಿ ಕಲಿಸಿದರೆ ಅರ್ಧ ತಲೆನೋವು ಕಡಿಮೆ.

ತುಂಗಾ ತೀರ, ತೀರ್ಥಹಳ್ಳಿ

ಎಜ್ಡಿಯ ಬಿಡಿಭಾಗ ಹುಡುಕಿಕೊಂಡು ಅವರು ಊರೂರು ತಿರುಗಬೇಕಾ? ಪಾಪ, ಸ್ಪ್ಲೆಂಡರ್ ತಗೊಂಡದ್ದೇ ಸರಿ. ಯಾವ ಹಳ್ಳಿಯ ಅಂಗಡಿಯಲ್ಲೂ ಸಾಮಾನು ಸಿಗುತ್ತದೆ.

ಹೊಸಬಳು 52, ಹರಿಹರ

ಮಧ್ಯೆ ಮಾತಾಡುತ್ತಿದ್ದೇನೆ, ಕ್ಷಮಿಸಿ. ನನಗೆ 52 ವರ್ಷ. ಸೈಕಲ್ ಬರುತ್ತದೆ, ಗಾಡಿ ಬರುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಕಡೆ ಕಲಿಯಲು ಹೋಗಿದ್ದೆ. ಮೊದಲ ದಿನವೇ ಮೇನ್ ರೋಡಿಗೆ ಕರೆದುಕೊಂಡು ಹೋದರು. ಹಿಂದೆ ಕುಳಿತವರು ನನ್ನ ಕೈ ಮೇಲೆ ಕೈ ಇಟ್ಟು ಆಕ್ಸಿಲೇಟರ್ ತಿರುಗಿಸಿದರು. ಗಾಡಿ ನಾನು ಓಡಿಸಿದೆನೋ ಅವರು ಓಡಿಸಿದರೋ ಗೊತ್ತಾಗಲಿಲ್ಲ. ಮೂರನೇ ದಿನ ಬಿದ್ದೆ. ಮೊಣಕಾಲಿಗೆ ಪೆಟ್ಟಾಯಿತು, ಬಿಟ್ಟುಬಿಟ್ಟೆ. ಈಗ ಮಗಳು ಮದುವೆಯಾಗಿ ಹೋದಳು. ಆಸ್ಪತ್ರೆಗೆ ಹೋಗಬೇಕೆಂದರೂ ಆಟೋಗೆ ಕಾಯಬೇಕು. ಈ ವಯಸ್ಸಿನಲ್ಲಿ ಗೇರ್ ಗಾಡಿ ಕಲಿಯಬಹುದಾ?

ಗೇರ್ ಅಕ್ಕ, ದಾವಣಗೆರೆ

ಖಂಡಿತ ಕಲಿಯಬಹುದು ಅಮ್ಮ. ಸೈಕಲ್ ಬರುತ್ತದೆ ಅಂದರೆ ಅರ್ಧ ಕೆಲಸ ಮುಗಿದಿದೆ, ಬ್ಯಾಲೆನ್ಸ್ ಮೈಯಲ್ಲೇ ಇರುತ್ತದೆ. ನಮ್ಮಲ್ಲಿ 58ರವರೂ ಕಲಿತಿದ್ದಾರೆ. ಹಿಂದೆ ಕುಳಿತು ಕೈ ಹಿಡಿಯುವುದು ನಮ್ಮಲ್ಲಿ ಇಲ್ಲ. ಹೊಸ ಲೇಔಟಿನಲ್ಲಿ ಕಲಿಸುತ್ತೇವೆ. ರಸ್ತೆ ಆಗಿದೆ, ಮನೆಗಳು ಇನ್ನೂ ಬಂದಿಲ್ಲ.

ಗ್ಯಾರೇಜ್ ಸರ್, ನಿಮ್ಮ ಪ್ರಶ್ನೆಗಳಿಗೆ ಉತ್ತರ. ಈಗಷ್ಟೇ ಸ್ಕೇಲ್ ಹಿಡಿದು ನೋಡಿಕೊಂಡು ಬಂದೆ.

ಹೆಚ್ಚು ಹಾಳಾಗುವ ಗಾಡಿಯಲ್ಲಿ ಆಟವೇ ಇಲ್ಲ. ಲಿವರ್ ಮುಟ್ಟಿದ ಕೂಡಲೇ ಬಿಗಿ. ಇದನ್ನು ನಾನೇ ಹೇಳಿ ಟೈಟ್ ಮಾಡಿಸಿದ್ದು. ತುಂಬಾ ಜನರ ಬೆರಳು ಗಿಡ್ಡ. ಲಿವರ್ ಪೂರ್ತಿ ಒತ್ತಲು ಆಗುತ್ತಿರಲಿಲ್ಲ. ಅರ್ಧ ಒತ್ತಿ ಗೇರ್ ಹಾಕುತ್ತಿದ್ದರು, ಗಾಡಿ ಜಿಗಿದು ಆಫ್ ಆಗುತ್ತಿತ್ತು. ಅರ್ಧ ಒತ್ತಿದರೇ ಕ್ಲಚ್ ಬಿಡಲಿ ಅಂತ ವೈರ್ ಬಿಗಿ ಮಾಡಿಸಿದೆ. ಇನ್ನೊಂದು ಗಾಡಿಯಲ್ಲಿ ಸುಮಾರು 6 ಮಿ.ಮೀ. ಇದೆ.

ಆಯಿಲ್ ಸರಿಯಾದದ್ದೇ. 3,000 ಕಿ.ಮೀ.ಗೆ ಒಂದು ಸಲ. ಆಕ್ಸಿಲೇಟರ್ ಸ್ವಲ್ಪ ಕೊಟ್ಟು ಕ್ಲಚ್ ಬಿಡಿ ಅಂತ ಹೇಳಿಕೊಡುತ್ತೇವೆ.

ಗ್ಯಾರೇಜ್ 27, ಹಾಸನ

ಸಿಕ್ಕಿತು ಮೇಡಂ. ಮೂರೂ ಕಡೆ ಇದೆ.

ಆಟ ಇಲ್ಲದ ವೈರ್ ಅಂದರೆ ಯಾರೂ ಲಿವರ್ ಮುಟ್ಟದಿದ್ದರೂ ಕ್ಲಚ್ಚನ್ನು ಸ್ವಲ್ಪ ಎಳೆದೇ ಇಟ್ಟಂತೆ. ಪ್ಲೇಟುಗಳು ಪೂರ್ತಿ ಒತ್ತಿಕೊಳ್ಳುವುದೇ ಇಲ್ಲ. ಎರಡನೇ ಗೇರಲ್ಲಿ ಆರಾಮಾಗಿ ಹೋಗುವಾಗಲೂ ಒಳಗೆ ಉಜ್ಜಿಕೊಂಡೇ ಇರುತ್ತವೆ. ಕಿಕ್ಕರ್ ಹೊಡೆದಾಗ ಜಾರಿದ ಹಾಗೆ ಆಗುತ್ತಿದೆಯಾ ನೋಡಿ.

ಬೆರಳು ಗಿಡ್ಡ ಅನ್ನುವುದಕ್ಕೆ ಬೇರೆ ದಾರಿ ಇದೆ. ಮೊದಲು ವೈರ್ ಹಗುರ ಮಾಡಿ. ವೈರನ್ನು ಬಿಚ್ಚಿ ಮೊಳೆಗೆ ನೇತುಹಾಕಿ. ಮೇಲಿನ ತುದಿಗೆ ಚಿಕ್ಕ ಪ್ಲಾಸ್ಟಿಕ್ ಕವರನ್ನು ಕೊಳವೆಯ ಹಾಗೆ ಸುತ್ತಿ ದಾರ ಕಟ್ಟಿ, ಅದರೊಳಗೆ ಆಯಿಲ್ ಬಿಡಿ. ರಾತ್ರಿಯಿಡೀ ಇಳಿದು ಬೆಳಿಗ್ಗೆ ಕೆಳಗಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ಲಿವರ್ ಕೂರುವ ಬೋಲ್ಟಿಗೆ ಗ್ರೀಸ್ ಹಾಕಿ. ಕೈಗೆ ಎಷ್ಟು ಹಗುರಾಗುತ್ತದೆ ನೀವೇ ನೋಡಿ. ವೈರ್ ಕಟ್ ಆಗುವುದೂ ನಿಲ್ಲುತ್ತದೆ. ಹ್ಯಾಂಡಲ್ ಗ್ರಿಪ್ ಮೇಲೆ ದಪ್ಪ ಕವರ್ ಹಾಕಿಸಿದ್ದರೆ ತೆಗೆದುಹಾಕಿ, ಬೆರಳು ಚಾಚುವ ದೂರ ಅಷ್ಟು ಕಡಿಮೆ ಆಯಿತು. ಲಿವರನ್ನು ಸ್ವಲ್ಪ ಕೆಳಗೆ ತಿರುಗಿಸಿ ಕೂರಿಸಿ, ಮಣಿಕಟ್ಟು ನೇರ ಇರಬೇಕು.

ಇನ್ನು ಆಯಿಲ್. ನಿಮ್ಮ ಗಾಡಿ ದಿನಕ್ಕೆ ಎಷ್ಟು ಕಿ.ಮೀ. ಓಡುತ್ತದೆ? ಏಳೆಂಟು ಇರಬಹುದು. ಇಂಜಿನ್ ಎಷ್ಟು ಹೊತ್ತು ಚಾಲೂ ಇರುತ್ತದೆ? ಮೂರು ಗಂಟೆ. ಎಲ್ಲ ಮೊದಲ ಗೇರ್, ಅರ್ಧ ಹಿಡಿದ ಕ್ಲಚ್. ಇದು ಗಾಳಿಯಿಂದ ತಣ್ಣಗಾಗುವ ಇಂಜಿನ್, ನಡೆಯುವ ವೇಗದಲ್ಲಿ ಗಾಳಿ ಎಲ್ಲಿ ಬರುತ್ತದೆ? ನೀವು 3,000 ಕಿ.ಮೀ. ಆಗಲಿ ಅಂತ ಕಾದರೆ ವರ್ಷವೇ ಕಳೆಯುತ್ತದೆ. ಕಲಿಸುವ ಗಾಡಿಗೆ ಮೀಟರ್ ನೋಡಬೇಡಿ, ಕ್ಯಾಲೆಂಡರ್ ನೋಡಿ. ಎರಡು ತಿಂಗಳಿಗೊಮ್ಮೆ ಬದಲಾಯಿಸಿ. ವಾರಕ್ಕೊಮ್ಮೆ ಮಟ್ಟ ನೋಡಿ. ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ ನೇರ ಇರಬೇಕು, ಆಯಿಲ್ ಅಳೆಯುವ ಕಡ್ಡಿಯನ್ನು ತಿರುಗಿಸದೆ ಸುಮ್ನೆ ಇಳಿಬಿಟ್ಟು ನೋಡಬೇಕು.

ಎರಡು ಚಕ್ರ, ಬೆಂಗಳೂರು

ಎರಡು ತಿಂಗಳಿಗೊಮ್ಮೆ ಆಯಿಲ್ ಹಾಕಿದರೆ ಖರ್ಚು ಇನ್ನೂ ಜಾಸ್ತಿ ಆಗಲ್ವಾ?

ಗ್ಯಾರೇಜ್ 27, ಹಾಸನ

ಸ್ಪ್ಲೆಂಡರಿಗೆ ಒಂದು ಲೀಟರೂ ಹಿಡಿಯುವುದಿಲ್ಲ. ಒಂದು ಸಲ ಪ್ಲೇಟ್ ಹಾಕಿಸುವ ದುಡ್ಡಿನಲ್ಲಿ ಎರಡು ಮೂರು ಸಲ ಆಯಿಲ್ ಆಗುತ್ತದೆ.

ಲೆಸ್ಟರ್ ಕನ್ನಡಿಗ

ಮೂಲತಃ ಚಿತ್ರದುರ್ಗದವನು. ಇಂಗ್ಲೆಂಡಿನಲ್ಲಿ 11 ವರ್ಷದಿಂದ ಇದ್ದೇನೆ. ಇಲ್ಲಿಯ ಪದ್ಧತಿ ಹೇಳಿದರೆ ಉಪಯೋಗ ಆಗಬಹುದು.

ಇಲ್ಲಿ 1990ರಿಂದ ಸಿಬಿಟಿ ಅಂತ ಕಡ್ಡಾಯ ತರಬೇತಿ ಇದೆ. ಅದನ್ನು ಮುಗಿಸದೆ ಹೊಸಬರು ರಸ್ತೆಗೆ ಇಳಿಯುವಂತಿಲ್ಲ. ಮೊದಲು ಮೈದಾನ, ಆಮೇಲೆ ರಸ್ತೆ. ಮೈದಾನದಲ್ಲಿ ಒಬ್ಬ ಶಿಕ್ಷಕರಿಗೆ ಹೆಚ್ಚೆಂದರೆ ನಾಲ್ಕು ಜನ. ರಸ್ತೆಯಲ್ಲಿ ಇಬ್ಬರೇ. ಶಿಕ್ಷಕರು ಇನ್ನೊಂದು ಬೈಕಿನಲ್ಲಿ ಹಿಂದೆ ಬರುತ್ತಾರೆ, ಕಿವಿಗೆ ಹಾಕಿದ ರೇಡಿಯೋದಲ್ಲಿ ಹೇಳುತ್ತಾ ಇರುತ್ತಾರೆ. ಹಿಂದೆ ಕೂರುವುದು ಇಲ್ಲವೇ ಇಲ್ಲ.

ಊರಲ್ಲಿ ಹತ್ತು ವರ್ಷ ಬೈಕ್ ಓಡಿಸಿದ್ದೆ. ಇಲ್ಲಿ ಬಂದಾಗ ನನ್ನನ್ನೂ ಮೊದಲಿಂದ ಶುರು ಮಾಡಿಸಿದರು. ಇಂಜಿನ್ ಆಫ್ ಇಟ್ಟು ಬೈಕನ್ನು ತಳ್ಳಿಕೊಂಡು ಎಂಟು ಸುತ್ತಬೇಕು. ಕೋಪ ಬಂದಿತ್ತು. ಆದರೆ ಗಾಡಿಯ ಭಾರ ಯಾವ ಕಡೆ ಎಳೆಯುತ್ತದೆ ಅನ್ನುವುದು ನನಗೆ ಸರಿಯಾಗಿ ಗೊತ್ತಾಗಿದ್ದು ಅವತ್ತೇ.

ಗೇರ್ ಅಕ್ಕ, ದಾವಣಗೆರೆ

ತಳ್ಳಿಸುವುದನ್ನು ನಾವೂ ಮಾಡಬಹುದು, ದುಡ್ಡೇ ಬೇಡ. ನಾವು ನೇರ ಕೂರಿಸಿಬಿಡುತ್ತಿದ್ದೆವು. ಗ್ಯಾರೇಜ್ ಸರ್, ಮೂರನೇ ಪ್ರಶ್ನೆ ಬಾಕಿ ಇದೆ.

ಗ್ಯಾರೇಜ್ 27, ಹಾಸನ

ಹೌದು, ಅದೇ ಮುಖ್ಯ. ಸಮತಟ್ಟು ಜಾಗದಲ್ಲಿ ಸ್ಪ್ಲೆಂಡರಿಗೆ ಆಕ್ಸಿಲೇಟರ್ ಬೇಕಾಗಿಯೇ ಇಲ್ಲ. ಮೊದಲ ಗೇರ್ ಹಾಕಿ ಕ್ಲಚ್ಚನ್ನು ನಿಧಾನ ಬಿಟ್ಟರೆ ಐಡ್ಲಿಂಗಿನಲ್ಲೇ ಗಾಡಿ ನಡೆಯುತ್ತದೆ. ಬಲಗೈ ಆಕ್ಸಿಲೇಟರ್ ಮುಟ್ಟುವುದೇ ಬೇಡ. ಎರಡು ಹೆಜ್ಜೆ ಗಾಡಿ ಹೋಗಲಿ, ಕ್ಲಚ್ ಹಿಡಿಯಿರಿ, ನಿಲ್ಲಿಸಿ. ಮತ್ತೆ ಎರಡು ಹೆಜ್ಜೆ. ಐವತ್ತು ಸಲ. ಕಾಲು ನೆಲದ ಮೇಲೇ ಇರಲಿ.

ಕಡಿಮೆ ತಿರುಗುವಾಗ ಪ್ಲೇಟುಗಳ ಮಧ್ಯೆ ಬಿಸಿ ಕಡಿಮೆ. ಹೊಸಬರು ಭಯಕ್ಕೆ ಆಕ್ಸಿಲೇಟರ್ ಜೋರು ಕೊಟ್ಟು ಕ್ಲಚ್ಚನ್ನು ಅರ್ಧದಲ್ಲೇ ಹಿಡಿದಿರುತ್ತಾರಲ್ಲ, ಆಗಲೇ ಸುಡುವುದು. ಆ ವಾಸನೆ ನಿಮಗೂ ಗೊತ್ತಿರುತ್ತದೆ. ಹಳೇ ಕಾರ್ಬೊರೇಟರ್ ಗಾಡಿ ಆದರೆ ಐಡ್ಲಿಂಗ್ ಸ್ಕ್ರೂವನ್ನು ಸ್ವಲ್ಪ ಏರಿಸಿ. 2020ರ ನಂತರದ ಬಿಎಸ್6 ಹೊಗೆ ನಿಯಮದ ಗಾಡಿಗಳಲ್ಲಿ ಅದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ, ಮುಟ್ಟುವ ಹಾಗಿಲ್ಲ.

ಕರಾವಳಿ ಸವಾರ, ಉಡುಪಿ

ನಮ್ಮ ಕಡೆ ಸಮತಟ್ಟು ಜಾಗ ಎಲ್ಲಿದೆ? ಮನೆಯಿಂದ ಹೊರಗೆ ಬಂದರೇ ಏರು. ಆಕ್ಸಿಲೇಟರ್ ಕೊಡದೆ ಹೋದರೆ ಗಾಡಿ ಹಿಂದಕ್ಕೆ ಜಾರುತ್ತದೆ.

ತುಂಗಾ ತೀರ, ತೀರ್ಥಹಳ್ಳಿ

ಏರಿನಲ್ಲಿ ಎಬ್ಬಿಸುವುದು ಎರಡನೇ ವಾರದ ಪಾಠ. ಹಿಂದಿನ ಬ್ರೇಕ್ ಬಲಗಾಲಲ್ಲಿ ಒತ್ತಿಟ್ಟುಕೊಂಡು, ಕ್ಲಚ್ ಹಿಡಿಯುವ ಜಾಗಕ್ಕೆ ಬಂದು ಗಾಡಿ ಎಳೆಯಲು ಶುರು ಮಾಡಿದಾಗ ಬ್ರೇಕ್ ಬಿಡಬೇಕು. ಮೊದಲ ದಿನ ಮಾತ್ರ ಯಾವುದಾದರೂ ಶಾಲೆ ಮೈದಾನ ಕೇಳಿಕೊಳ್ಳಿ.

ಮಳೆಗಾಲದ ವಿಷಯ ಯಾರೂ ಹೇಳಲಿಲ್ಲ. ನಮ್ಮಲ್ಲಿ ಜೂನ್ ಬಂತೆಂದರೆ ಎರಡು ದಿನಕ್ಕೆ ಚೈನ್ ಕೆಂಪಗಾಗುತ್ತದೆ. ಕಲಿಯುವವರು ಕ್ಲಚ್ ದಡಕ್ಕನೆ ಬಿಟ್ಟಾಗ ಆ ಏಟು ಚೈನಿಗೇ ಬೀಳುವುದು. ಸಡಿಲ ಇದ್ದರೆ ಹಲ್ಲು ಹಾರುತ್ತದೆ, ಬಿಗಿ ಇದ್ದರೆ ಆ ಹಲ್ಲಿನ ಚಕ್ರ, ಸ್ಪ್ರಾಕೆಟ್, ಸವೆಯುತ್ತದೆ. ಮಧ್ಯದಲ್ಲಿ ಎತ್ತಿ ನೋಡಿದರೆ 2ರಿಂದ 3 ಸೆಂ.ಮೀ. ಆಡಬೇಕು. ಚೈನ್ ಕವರಿನಲ್ಲಿ ರಬ್ಬರ್ ಮುಚ್ಚಳ ಇರುತ್ತದಲ್ಲ, ಅದನ್ನು ತೆಗೆದರೆ ಬೆರಳು ಹಾಕಿ ನೋಡಬಹುದು.

ಸೈಕಲ್ ಮೇಷ್ಟ್ರು, ಕೊಪ್ಪಳ

ಮುಂದಿನ ಬ್ರೇಕ್ ಮುಟ್ಟಲೇಬೇಡಿ ಅಂತ ಹೊಸಬರಿಗೆ ಹೇಳಿಕೊಡಿ. ಬೀಳುವುದು ಅದರಿಂದಲೇ.

ಲೆಸ್ಟರ್ ಕನ್ನಡಿಗ

ಮೇಷ್ಟ್ರೇ, ಇದನ್ನು ಒಪ್ಪುವುದಿಲ್ಲ. ಗಾಡಿ ನಿಲ್ಲಿಸುವ ಶಕ್ತಿ ಹೆಚ್ಚಿರುವುದೇ ಮುಂದಿನ ಬ್ರೇಕಿನಲ್ಲಿ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ನಾಯಿ ಅಡ್ಡ ಬಂದಾಗ ಬರೀ ಹಿಂದಿನ ಬ್ರೇಕ್ ಒತ್ತಿದರೆ ನಿಲ್ಲುವುದಿಲ್ಲ.

ಸೈಕಲ್ ಮೇಷ್ಟ್ರು, ಕೊಪ್ಪಳ

ಪುಸ್ತಕದಲ್ಲಿ ಸರಿ. ಮರಳಿರುವ ತಿರುವಿನಲ್ಲಿ ಹೆದರಿ ಮುಂದಿನದನ್ನು ಹಿಡಿದರೆ ಏನಾಗುತ್ತದೆ? ನನ್ನ ತಂಗಿ ಹಾಗೇ ಬಿದ್ದು ಕೈ ಮುರಿದುಕೊಂಡಳು.

ಗೇರ್ ಅಕ್ಕ, ದಾವಣಗೆರೆ

ತಂಗಿಯ ವಿಷಯ ಕೇಳಿ ಬೇಜಾರಾಯಿತು ಮೇಷ್ಟ್ರೇ. ನನ್ನ ಅನುಭವದಲ್ಲಿ ಇಬ್ಬರ ಮಾತಲ್ಲೂ ಸತ್ಯ ಇದೆ. ನಡೆಯುವ ವೇಗದಲ್ಲಿ, ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಮಗುಚುತ್ತದೆ. ಅದಕ್ಕೆ ಮೊದಲ ವಾರ ತಿರುವಿನಲ್ಲಿ ಹಿಂದಿನದೇ. ಎರಡನೇ ವಾರ ನೇರ ರಸ್ತೆಯಲ್ಲಿ ಎರಡೂ ಒಟ್ಟಿಗೆ ಒತ್ತಿ ನಿಲ್ಲಿಸುವುದನ್ನು ಮತ್ತೆ ಮತ್ತೆ ಮಾಡಿಸುತ್ತೇವೆ. ನಿಂಬೆಹಣ್ಣು ಹಿಂಡಿದ ಹಾಗೆ ಒತ್ತಬೇಕು, ಗಬಕ್ಕನೆ ಹಿಡಿಯಬಾರದು. ಮುಟ್ಟಲೇಬೇಡಿ ಅಂತ ಕಳಿಸಿದರೆ ನಾಳೆ ಅವರ ಜೀವಕ್ಕೇ ಅಪಾಯ.

ಸೈಕಲ್ ಮೇಷ್ಟ್ರು, ಕೊಪ್ಪಳ

ಹೀಗೆ ಹಂತ ಹಂತವಾಗಿ ಆದರೆ ಒಪ್ಪುತ್ತೇನೆ.

ಎರಡು ಚಕ್ರ, ಬೆಂಗಳೂರು

ಶಾಲೆಯ ಗಾಡಿಗೆ ಕಲಿಯುವವರ ಕಡೆಯೂ ಕಲಿಸುವವರ ಕಡೆಯೂ ಬ್ರೇಕ್ ಇರಬೇಕು ಅಂತ ಕಾನೂನು ಇದೆಯಲ್ಲ? ಬೈಕಿನಲ್ಲಿ ಅದು ಹೇಗೆ ಸಾಧ್ಯ? ನಿಮಗೆ ಲೈಸೆನ್ಸ್ ಇದೆಯಾ?

ಕಡತದ ಧೂಳು, ಧಾರವಾಡ

ಆ ನಿಯಮದಿಂದ ಬೈಕಿಗೆ ವಿನಾಯಿತಿ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 24ನೇ ನಿಯಮ ನೋಡಿ. ಮೋಟಾರ್ ಸೈಕಲ್ ಬಿಟ್ಟು ಉಳಿದ ತರಬೇತಿ ವಾಹನಗಳಿಗೆ ಮಾತ್ರ ಜೋಡಿ ನಿಯಂತ್ರಣ ಬೇಕು. ಆದರೆ ಶಾಲೆಗೆ ಲೈಸೆನ್ಸ್ ಬೇಕೇ ಬೇಕು, ಅದು ಐದು ವರ್ಷಕ್ಕೆ ಇರುತ್ತದೆ. ಕಲಿಸುವವರು 10ನೇ ತರಗತಿ ಪಾಸಾಗಿರಬೇಕು, ಐದು ವರ್ಷ ವಾಹನ ಓಡಿಸಿದ ಅನುಭವ ಇರಬೇಕು, ಜೊತೆಗೆ ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟ್ ಇರಬೇಕು.

ವಿಮೆಯನ್ನೂ ನೋಡಿಕೊಳ್ಳಿ. ಮನೆ ಬಳಕೆಯ ಪಾಲಿಸಿ ಇಟ್ಟುಕೊಂಡು ಫೀಸು ತಗೊಂಡು ಕಲಿಸಿದರೆ ಅಪಘಾತ ಆದಾಗ ತೊಂದರೆ. ತರಬೇತಿಗೆ ಬಳಸುತ್ತೇವೆ ಅಂತ ಬರೆದುಕೊಟ್ಟು ಪಾಲಿಸಿಯಲ್ಲಿ ಸೇರಿಸಿಕೊಳ್ಳಿ.

ಗೇರ್ ಅಕ್ಕ, ದಾವಣಗೆರೆ

ಲೈಸೆನ್ಸ್ ಇದೆ ಸರ್. ಸರ್ಟಿಫಿಕೇಟಿಗೋಸ್ಕರವೇ ಕೋರ್ಸ್ ಮಾಡಿದೆ. ವಿಮೆಯಲ್ಲೂ ಸೇರಿಸಿದೆ.

ನನಗೆ ಕಷ್ಟ ಆಗುವುದು ಬೇರೆ. 15 ವರ್ಷದ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. "ಟ್ಯೂಷನ್‌ಗೆ ಹೋಗೋಕಷ್ಟೇ ಮೇಡಂ, ಕಲಿಸಿಬಿಡಿ" ಅನ್ನುತ್ತಾರೆ. ಆಗಲ್ಲ ಅಂದರೆ ಸಿಟ್ಟಾಗುತ್ತಾರೆ.

ಕಡತದ ಧೂಳು, ಧಾರವಾಡ

ಒಪ್ಪಬೇಡಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಸೆಕ್ಷನ್ ಸೇರಿದೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ಆಗುವವರೆಗೂ ಲೈಸೆನ್ಸ್ ಸಿಗುವುದಿಲ್ಲ. ಇದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಎಜ್ಡಿ ಮೈಸೂರು

ಲಿವರ್ ಮುರಿಯುವುದಕ್ಕೆ ಒಂದು ಉಪಾಯ. ಲಿವರ್ ಹಿಡಿಕೆಯ ಸ್ಕ್ರೂವನ್ನು ಪೂರ್ತಿ ಬಿಗಿ ಮಾಡಬೇಡಿ. ಓಡಿಸುವಾಗ ಅಲುಗಬಾರದು, ಗಾಡಿ ಬಿದ್ದರೆ ಮಾತ್ರ ತಿರುಗಿಕೊಳ್ಳಬೇಕು, ಅಷ್ಟು ಬಿಗಿ ಸಾಕು. ನಾವು ಹುಡುಗರಾಗಿದ್ದಾಗಿನಿಂದ ಇದನ್ನೇ ಮಾಡುತ್ತಿದ್ದೇವೆ.

ಎರಡು ಚಕ್ರ, ಬೆಂಗಳೂರು

ಕರೆಂಟ್ ಸ್ಕೂಟರ್ ಇಟ್ಟುಕೊಂಡರೆ ಆಯಿಲೂ ಇಲ್ಲ, ಪ್ಲೇಟೂ ಇಲ್ಲ. ಯೋಚನೆ ಮಾಡಿ.

ಗೇರ್ ಅಕ್ಕ, ದಾವಣಗೆರೆ

ಒಂದನ್ನು ಒಂದು ತಿಂಗಳು ಇಟ್ಟು ನೋಡಿದೆ ಸರ್. ನಿಂತಾಗ ಸದ್ದೇ ಇರುವುದಿಲ್ಲ. ಆಫ್ ಆಗಿದೆ ಅಂದುಕೊಂಡು ಇಳಿಯುವಾಗ ಆಕ್ಸಿಲೇಟರ್ ಹಿಡಿದು ಎಳೆದರು, ಗಾಡಿ ಸೀದಾ ಕಲ್ಲಿಗೆ ಹೋಯಿತು. ಅನುಭವ ಆದಮೇಲೆ ಚೆನ್ನಾಗಿದೆ. ಮೊದಲ ದಿನಕ್ಕೆ ಬೇಡ ಅನಿಸಿತು.

ಗೇರ್ ಅಕ್ಕ, ದಾವಣಗೆರೆ *(ಆರು ವಾರದ ನಂತರ)*

ಎಲ್ಲರಿಗೂ ಹೇಳಬೇಕು ಅಂತ ಬಂದೆ.

ಎರಡೂ ಗಾಡಿಗೆ ವೈರ್ ಆಟ 12 ಮಿ.ಮೀ. ಇಟ್ಟೆ. ಪ್ರತಿ ಸೋಮವಾರ ಸ್ಕೇಲ್ ಹಿಡಿದು ನೋಡುತ್ತೇನೆ, ನೋಟ್ ಪುಸ್ತಕದಲ್ಲಿ ಬರೆದಿಡುತ್ತೇನೆ. ವೈರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಆಯಿಲ್ ಬಿಟ್ಟೆವು. ಈ ಆರು ವಾರದಲ್ಲಿ ಒಂದು ವೈರೂ ಕಟ್ ಆಗಿಲ್ಲ. ದಪ್ಪ ಗ್ರಿಪ್ ಕವರ್ ತೆಗೆದೆ, ಗಿಡ್ಡ ಬೆರಳಿನವರಿಗೂ ಈಗ ಲಿವರ್ ಸಿಗುತ್ತದೆ.

ದೊಡ್ಡ ಬದಲಾವಣೆ ಅಂದರೆ ಮೊದಲ ಎರಡು ದಿನ. ಮೊದಲ ದಿನ ಬರೀ ತಳ್ಳುವುದು, ಸ್ಟ್ಯಾಂಡ್ ಹಾಕುವುದು, ತೆಗೆಯುವುದು. ಎರಡನೇ ದಿನ ಆಕ್ಸಿಲೇಟರ್ ಮುಟ್ಟದೆ ಎರಡೆರಡು ಹೆಜ್ಜೆ. ಒಬ್ಬರು "ನಾನು ದುಡ್ಡು ಕೊಟ್ಟಿದ್ದು ಗಾಡಿ ತಳ್ಳೋಕಾ?" ಅಂತ ಬೇಜಾರು ಮಾಡಿಕೊಂಡರು. ಐದನೇ ದಿನ ಅವರೇ ಎಲ್ಲರಿಗಿಂತ ಚೆನ್ನಾಗಿ ನಿಧಾನ ಓಡಿಸಿದರು. ಕಳೆದ ವಾರ ಆರ್‌ಟಿಒದಲ್ಲಿ ಕಾಲು ಕೆಳಗಿಡದೆ 8 ಹಾಕಿ ಬಂದರು.

ಪ್ಲೇಟ್ ಇನ್ನೂ ಬಿಚ್ಚಿ ನೋಡಿಲ್ಲ. ಆದರೆ ಸುಟ್ಟ ವಾಸನೆ ಬರುತ್ತಿಲ್ಲ, ಕಿಕ್ಕರ್ ಜಾರುತ್ತಿಲ್ಲ.

ಗ್ಯಾರೇಜ್ 27, ಹಾಸನ

ಬಿಚ್ಚಬೇಡಿ ಮೇಡಂ. ಜಾರುವವರೆಗೂ ಮುಟ್ಟುವುದು ಬೇಡ. ತುಂಬಾ ಖುಷಿಯಾಯಿತು.

ಹೊಸಬಳು 52, ಹರಿಹರ

ಇದನ್ನೆಲ್ಲ ಎರಡು ಸಲ ಓದಿದೆ. ತಳ್ಳುವುದರಿಂದ ಶುರು ಅಂದರೆ ನನಗೂ ಧೈರ್ಯ ಬರುತ್ತಿದೆ. ಮುಂದಿನ ಬ್ಯಾಚ್ ಯಾವಾಗ? ಸೀರೆಯಲ್ಲಿ ಬರಬಹುದಾ?

ಗೇರ್ ಅಕ್ಕ, ದಾವಣಗೆರೆ

ಬರುವ ಸೋಮವಾರ ಬೆಳಿಗ್ಗೆ ಆರೂವರೆಗೆ ಅಮ್ಮ. ಅದಕ್ಕೆ ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿಕೊಂಡಿರಿ. ಕಲಿಯುವಾಗ ಸೀರೆ ಬೇಡ, ಚೂಡಿದಾರ್ ಹಾಕಿಕೊಳ್ಳಿ. ವೇಲನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ, ಚಕ್ರಕ್ಕೆ ಸಿಕ್ಕಬಾರದು. ಕಾಲಿಗೆ ಚಪ್ಪಲಿ ಅಲ್ಲ, ಶೂ. ಹೆಲ್ಮೆಟ್ ನಮ್ಮಲ್ಲಿದೆ. ಪೆಟ್ಟಾದ ಮೊಣಕಾಲು ಯಾವುದು ಅಂತ ಬಂದ ಕೂಡಲೇ ಹೇಳಿ, ಆ ಕಡೆ ನಾನು ನಿಂತುಕೊಳ್ಳುತ್ತೇನೆ.